ಇದ್ದದ್ದನ್ನು ಇದ್ದ ಹಾಗೇ ತಂದವರು

ನಮ್ಮ ಆಫೀಸಿನ ಸರ್ವರ್ ಕೋಣೆಯಿಂದ ನಗು ಕೇಳಿಸದೆ ಇವತ್ತಿಗೆ ಹದಿನೇಳು ದಿನ. ಅಕ್ಕ ಕೆಲಸ ಬಿಟ್ಟು ಹೋಗಿದ್ದಾರೆ. ಜಗಳವಾಡಿ ಹೋದದ್ದಲ್ಲ, ಕಾಯಿಲೆಯಾಗಿಯೂ ಅಲ್ಲ. ಐವತ್ತೈದು ತುಂಬಿದ ದಿನ ಯಜಮಾನರ ಕೋಣೆಗೆ ಹೋಗಿ, ಸಾಕು ಸಾರ್, ಇನ್ನು ಮಧ್ಯಾಹ್ನ ಮಲಗೋದು ಹೇಗೆ ಅಂತ ಕಲೀತೀನಿ ಎಂದು ಹೇಳಿ, ಭದ್ರಾವತಿ ಬಸ್ಸು ಹತ್ತಿ ಹೊರಟೇಬಿಟ್ಟರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ನಗುತ್ತಾರೆ, ಆ ನಗು ಮುಗಿಯುವವರೆಗೆ ನಾನು ಫೋನ್ ಹಿಡಿದು ನಿಂತಿರಬೇಕಾಗುತ್ತದೆ.

ನಮ್ಮದು ಶಿವಮೊಗ್ಗದ ದುರ್ಗಿಗುಡಿಯ ಹಿಂದಿನ ಅಡ್ಡರಸ್ತೆಯಲ್ಲಿರುವ ವಧು-ವರರ ಮಾಹಿತಿ ಕೇಂದ್ರ. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಸುತ್ತಲಿನ ಊರುಗಳ ಸಾವಿರಾರು ಜನರ ಫೋಟೋ, ಎತ್ತರ, ನಕ್ಷತ್ರ, ಓದು, ಬೇಕು-ಬೇಡಗಳೆಲ್ಲ ನಮ್ಮ ಡೇಟಾಬೇಸಿನಲ್ಲಿವೆ. ಕಂಪ್ಯೂಟರ್ ವಿಭಾಗ ಎಂದರೆ ಇಬ್ಬರೇ, ಅಕ್ಕ ಮತ್ತು ನಾನು. ನಾನು ಬಿಸಿಎ ಓದಿ, ಎರಡು ಕಡೆ ಕೆಲಸ ಮಾಡಿ, ಎಲ್ಲ ಗೊತ್ತಿದೆ ಎಂದುಕೊಂಡು ಸೇರಿದವಳು. ಅಕ್ಕ ಭದ್ರಾವತಿಯ ಕಾರ್ಖಾನೆಯೊಂದರ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಗುತ್ತಿಗೆ ಮೇಲೆ ಹತ್ತು ವರ್ಷ ದುಡಿದು ಬಂದವರು. ಅಲ್ಲಿನ ನ್ಯೂಟೌನಿನ ಮನೆಯಿಂದ ದಿನಾ ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಇದನ್ನು ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ನಮ್ಮಂಥ ಆಫೀಸಿನಲ್ಲಿ ಅದು ಎಲ್ಲರಿಗೂ ತುರಿಕೆಯಂತಿತ್ತು.

ಅವರು ನಗುತ್ತಿದ್ದ ರೀತಿ ವಿಚಿತ್ರ. ಜೋಕು ಹೇಳುವ ಮೊದಲೇ ನಗು ಬಂದುಬಿಡುತ್ತಿತ್ತು, ಹಾಗಾಗಿ ಎಷ್ಟೋ ಜೋಕುಗಳು ನಮಗೆ ತಲುಪಲೇ ಇಲ್ಲ. ಆದರೂ ನಾವು ನಗುತ್ತಿದ್ದೆವು.

ನಮ್ಮ ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಮೂರು ವರ್ಚುವಲ್ ಮಷೀನುಗಳನ್ನು ಅಕ್ಕ ಮಾಡಿಟ್ಟಿದ್ದರು. ಕಂಪ್ಯೂಟರ್ ಒಂದೇ, ಆದರೆ ಒಳಗಿನ ಮೂರಕ್ಕೂ ತಾವೇ ಬೇರೆ ಬೇರೆ ಕಂಪ್ಯೂಟರು ಎಂಬ ನಂಬಿಕೆ. ಒಂದರಲ್ಲಿ ಡೇಟಾಬೇಸ್, ಇನ್ನೊಂದರಲ್ಲಿ ವೆಬ್‌ಸೈಟ್ ಮತ್ತು ಮೆಸೇಜ್ ಕಳಿಸುವ ವ್ಯವಸ್ಥೆ, ಮೂರನೆಯದು ಖಾಲಿ. ಇಡೀ ಮಷೀನನ್ನೇ ಒಂದು ಫೈಲಿನಂತೆ ನಕಲು ಮಾಡಿಟ್ಟುಕೊಳ್ಳಬಹುದು ಎಂದು ಗೊತ್ತಾದ ದಿನ ಯಜಮಾನರು, ಹಾಗಾದರೆ ದಿನಾ ಒಂದು ನಕಲು ತೆಗೆದರೆ ಮುಗೀತಲ್ಲ ಎಂದರು. ಅಕ್ಕ ಅವರನ್ನು ಕೂರಿಸಿಕೊಂಡು ವಿವರಿಸಿದರು. ಎಕ್ಸ್‌ರೇ ತೆಗೆಯೋರು ಉಸಿರು ಹಿಡ್ಕೊಳ್ಳಿ ಅಂತಾರಲ್ಲ ಸಾರ್, ಹಾಗೆ ನಕಲು ತೆಗೆಯೋ ಮುಂಚೆ ಡೇಟಾಬೇಸಿಗೂ ಉಸಿರು ಹಿಡ್ಕೋ ಅನ್ನಬೇಕು, ಇಲ್ಲದಿದ್ದರೆ ಅರ್ಧ ಬರೆದ ಸಾಲು ಅರ್ಧವಾಗೇ ಬರುತ್ತೆ. ಅದರ ಜೊತೆಗೆ, ಯಾರು ಯಾವಾಗ ಏನು ಬದಲಾಯಿಸಿದರು ಅಂತ ಡೇಟಾಬೇಸು ಒಂದು ದಿನಚರಿ ಬರೀತಿರುತ್ತೆ. ಅದನ್ನೂ ಹದಿನೈದು ನಿಮಿಷಕ್ಕೊಮ್ಮೆ ಬೇರೆ ಕಡೆ ಇಟ್ಟುಕೊಂಡರೆ, ಹಳೇ ನಕಲನ್ನು ಎಬ್ಬಿಸಿ, ದಿನಚರಿ ಓದಿಸಿ, ನಮಗೆ ಬೇಕಾದ ನಿಮಿಷಕ್ಕೆ ತಂದು ನಿಲ್ಲಿಸಬಹುದು. ಯಜಮಾನರು ಇಷ್ಟನ್ನೂ ಕೇಳಿ, ಎಕ್ಸ್‌ರೇ ಯಂತ್ರ ಬೇರೆ ತರಿಸಬೇಕಾ ಎಂದು ಕೇಳಿದರು. ಅಕ್ಕ ಆವತ್ತು ಊಟದ ಹೊತ್ತಿನವರೆಗೂ ನಗುತ್ತಿದ್ದರು.

ತಿಂಗಳ ಮೊದಲ ಶುಕ್ರವಾರ ಎಬ್ಬಿಸುವ ದಿನ. ಹಿಂದಿನ ರಾತ್ರಿಯ ನಕಲನ್ನು ಆ ಖಾಲಿ ಮಷೀನಿನಲ್ಲಿ ಎಬ್ಬಿಸುತ್ತಿದ್ದರು. ನಕಲು ಇದೆ ಅಂತ ಬರೀ ಬಾಯಲ್ಲಿ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಕಸ ಗುಡಿಸುವವರಿಂದ ಹಿಡಿದು ಯಜಮಾನರವರೆಗೆ ಎಲ್ಲರನ್ನೂ ಕರೆದು, ಈ ವಾರ ನೀವು ನೋಡಿದ ಒಬ್ಬರ ಹೆಸರು ಹೇಳಿ ಎನ್ನುತ್ತಿದ್ದರು. ಆ ಹೆಸರು ಅಲ್ಲಿ ಸಿಗಬೇಕು, ಫೋಟೋ ತೆರೆಯಬೇಕು. ಸಿಕ್ಕಿತೆಂದರೆ ಎಲ್ಲರಿಗೂ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಜ್ಜಿ ತಿಂದ ಕೈಯಲ್ಲಿ ಕೀಬೋರ್ಡ್ ಮುಟ್ಟಿದವರಿಗೆ ಮಾತ್ರ ಬೈಗುಳ.

ಇನ್ನೊಂದು ನಿಯಮವಿತ್ತು. ಡೇಟಾಬೇಸಿಗೆ ನೇರವಾಗಿ ಆಜ್ಞೆ ಕೊಡುವಾಗ, ಟೈಪ್ ಮಾಡಿದ ಮೇಲೆ ಎರಡೂ ಕೈ ಕೀಬೋರ್ಡಿನಿಂದ ಮೇಲೆತ್ತಬೇಕು. ಪಕ್ಕದವರು ಅದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಎಂಟರ್. ಹೊರಗಿನಿಂದ ನೋಡಿದವರಿಗೆ ಯಾರೋ ಪಿಸ್ತೂಲು ತೋರಿಸಿದ್ದಾರೇನೋ ಅನ್ನಿಸುತ್ತಿತ್ತು. ನನಗೆ ಇದು ಅತಿಯಾಯಿತು ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ಆರು ವರ್ಷದ ಹಿಂದಿನ ಮಾತು. ಅಕ್ಕನಿಗೆ ಆಗ ನಲವತ್ತೊಂಬತ್ತು. ದವಡೆ ಹಲ್ಲು ಕೀಳಿಸಿಕೊಂಡು ಸೋಮವಾರದಿಂದ ಶುಕ್ರವಾರದವರೆಗೆ ರಜೆಯಲ್ಲಿದ್ದರು. ಆ ವಾರ ನಕಲುಗಳ ಜವಾಬ್ದಾರಿ ನನ್ನದು. ಶನಿವಾರ ಕೆನ್ನೆ ಊದಿಸಿಕೊಂಡೇ ಬಂದರು, ಏಕೆಂದರೆ ಮಾರನೇ ದಿನ ಭದ್ರಾವತಿಯ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ವಧು-ವರರ ಸಮಾವೇಶ. ಸಂಜೆಯೊಳಗೆ ಹೆಸರುಗಳ ಪಟ್ಟಿ ತೆಗೆದು ಪ್ರಿಂಟಿಗೆ ಕೊಡಬೇಕು. ಡಾಕ್ಟರು ಬಾಯಿ ದೊಡ್ಡದು ಮಾಡಬೇಡಿ ಎಂದಿದ್ದರಂತೆ. ಅಕ್ಕ ಅದನ್ನು ಹೇಳುವಾಗಲೇ ಕೆನ್ನೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನ ನೋವಿನ ಮಾತ್ರೆ ತರಲು ಅವರು ಕೆಳಗಿನ ಅಂಗಡಿಗೆ ಹೋದರು. ಆಗ ಒಬ್ಬ ತಾಯಿ ಫೋನ್ ಮಾಡಿ, ನಮ್ಮ ಹುಡುಗಿ ಮದುವೆ ಆಯ್ತು, ಪಟ್ಟಿಯಿಂದ ತೆಗೀರಿ ಎಂದರು. ಅದಕ್ಕೆಂದೇ ಇದ್ದ ಪರದೆ ಎಷ್ಟು ಒತ್ತಿದರೂ ತೆರೆದುಕೊಳ್ಳಲಿಲ್ಲ. ನಾನು ನೇರವಾಗಿ ಡೇಟಾಬೇಸಿಗೇ ಒಂದು ಸಾಲು ಬರೆದೆ: ಸ್ಥಿತಿಯನ್ನು 'ಮದುವೆಯಾಗಿದೆ' ಎಂದು ಬದಲಿಸು. ಯಾರದ್ದು ಎಂದು ಹೇಳುವ ತುಂಡನ್ನು ಬರೆಯಲು ಮರೆತೆ. ಕೈ ಎತ್ತಲಿಲ್ಲ, ಯಾರೂ ಓದಲಿಲ್ಲ. ಎಂಟರ್ ಒತ್ತಿದೆ. ಎರಡು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮಲ್ಲಿ ಹೆಸರು ಕೊಟ್ಟಿದ್ದ ಪ್ರತಿಯೊಬ್ಬರಿಗೂ ಮದುವೆಯಾಯಿತು.

ಅಷ್ಟಕ್ಕೇ ನಿಂತಿದ್ದರೆ ಸದ್ದಿಲ್ಲದೆ ಸರಿಮಾಡಬಹುದಿತ್ತು. ಆದರೆ ಯಾರಿಗಾದರೂ ಮದುವೆಯಾಯಿತೆಂದು ದಾಖಲಾದರೆ ಅವರ ಮೊಬೈಲಿಗೆ ಶುಭಾಶಯದ ಮೆಸೇಜ್ ತಾನಾಗಿ ಹೋಗುತ್ತಿತ್ತು. ಯಜಮಾನರು ಬಹಳ ಪ್ರೀತಿಯಿಂದ ಮಾಡಿಸಿದ್ದ ಸೌಲಭ್ಯ. ನಿಮ್ಮ ದಾಂಪತ್ಯ ಜೀವನ ನಗುನಗುತ್ತಾ ಸಾಗಲಿ, ನಮ್ಮನ್ನು ಮರೆಯಬೇಡಿ, ಎಂದು. ಹೊಸದಾಗಿ ಹೆಸರು ಕೊಟ್ಟವರಿಂದ ಶುರುವಾಗಿ ಹಿಂದಕ್ಕೆ, ಒಬ್ಬೊಬ್ಬರಿಗೇ ಅದು ಹೋಗತೊಡಗಿತು.

ಆಫೀಸಿನ ಮೂರೂ ಫೋನ್ ಒಟ್ಟಿಗೆ ಹೊಡೆದುಕೊಂಡವು. ಒಬ್ಬ ತಂದೆ, ಯಾರ ಜೊತೆ ಆಯ್ತು, ಅದನ್ನಾದರೂ ಹೇಳಿ ಎಂದು ಕೇಳುತ್ತಿದ್ದರು. ಸಾಗರದ ಕಡೆಯ ಒಬ್ಬ ಅಜ್ಜಿ ಮೊಮ್ಮಗನಿಗೆ ಕೊನೆಗೂ ಆಯಿತೆಂದು ಖುಷಿಗೆ ಅಳುತ್ತಿದ್ದರು. ಇನ್ನೊಬ್ಬ ಯುವಕ ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ, ಹುಡುಗಿ ಹೆಸರೇನು ಮೇಡಂ ಎಂದ. ಯಜಮಾನರು ಎರಡು ಕಿವಿಗೆ ಎರಡು ಫೋನ್ ಹಿಡಿದು, ಆಗಿಲ್ಲ ಸಾರ್, ಆಗಿಲ್ಲಮ್ಮ, ಖಂಡಿತ ಆಗಿಲ್ಲ ಎನ್ನುತ್ತಿದ್ದರು.

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಅವರ ಮೊಬೈಲು.

"ನಂಗೆ ಮದುವೆ ಆಗಿದೆಯಂತೆ" ಎಂದರು.

ಒಂದು ತಿಂಗಳ ಹಿಂದೆ ಯಜಮಾನರು ನನ್ನನ್ನು ಕರೆದು, ಪಾಪ ಒಂಟಿ ಜೀವ, ಗೊತ್ತಾಗದ ಹಾಗೆ ಪಟ್ಟಿಗೆ ಅವರ ಹೆಸರೂ ಹಾಕಿಬಿಡಮ್ಮ, ಒಳ್ಳೆ ಕಡೆಯಿಂದ ಬಂದರೆ ಆಮೇಲೆ ಹೇಳಣ ಎಂದಿದ್ದರು. ಆಯುಧಪೂಜೆಯ ಗುಂಪಿನ ಫೋಟೋದಿಂದ ಅವರ ಮುಖ ಕತ್ತರಿಸಿ, ಗೃಹಕೃತ್ಯದಲ್ಲಿ ನಿಪುಣೆ, ಮಿತಭಾಷಿ ಎಂದೆಲ್ಲ ಬರೆದು ಹಾಕಿದವಳು ನಾನೇ. ಹೊಸ ಹೆಸರಾದ್ದರಿಂದ ಶುಭಾಶಯ ಮೊದಲ ಸಾಲಿನಲ್ಲೇ ಅವರಿಗೆ ಹೋಗಿತ್ತು.

ಅವರು ನನ್ನ ಮುಖ ನೋಡಿದರು, ಯಜಮಾನರ ಎರಡು ಫೋನು ನೋಡಿದರು. ಎಲ್ಲ ಅರ್ಥವಾಗಿರಬೇಕು. ಕೆನ್ನೆ ಹಿಡಿದುಕೊಂಡು ಬಾಗಿಲ ಬಳಿಯೇ ಕುಕ್ಕರಗಾಲಲ್ಲಿ ಕೂತು, ಅಯ್ಯೋ ನೋವು, ಅಯ್ಯೋ ನೋವು ಎನ್ನುತ್ತ ನಕ್ಕರು. ನಂತರ ಎದ್ದು, ಅದು ಆಮೇಲೆ ನೋಡಣ ಎಂದು ಹೇಳಿ, ಮೆಸೇಜ್ ಕಳಿಸುವ ಮಷೀನನ್ನು ನಿಲ್ಲಿಸಿದರು. ವೆಬ್‌ಸೈಟ್ ಮುಚ್ಚಿದರು. ಎಷ್ಟು ಹೊತ್ತಿಗೆ ಒತ್ತಿದೆ ಎಂದಷ್ಟೇ ಕೇಳಿ, ನಾನು ಹೇಳಿದ ನಿಮಿಷವನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು.

ನಕಲು ಇಡುವ ಡಿಸ್ಕು ತೆರೆದಾಗ ನನ್ನ ಎರಡನೇ ತಪ್ಪು ಹೊರಬಿತ್ತು. ಯಜಮಾನರ ಮೊಮ್ಮಗನ ನಾಮಕರಣದ ವಿಡಿಯೋಗಳನ್ನು, ಜಾಗ ತುಂಬಾ ಇದೆಯಲ್ಲ ಎಂದು, ಹಿಂದಿನ ಭಾನುವಾರ ನಾನೇ ಅಲ್ಲಿ ತುಂಬಿಸಿದ್ದೆ. ಸೋಮವಾರ ಹೊಸ ನಕಲು ಬರೆಯಲು ಜಾಗ ಸಾಲದೆ ಆ ಕೆಲಸವೇ ನಿಂತುಹೋಗಿತ್ತು. ಹಳೆಯವು ಅವಧಿ ಮುಗಿದು ತಾವಾಗಿ ಅಳಿಸಿಹೋಗಿದ್ದವು. ದಿನಾ ಬೆಳಿಗ್ಗೆ ಬರುತ್ತಿದ್ದ ಕೆಂಪು ಅಕ್ಷರದ ಎಚ್ಚರಿಕೆಯನ್ನು ನಾನು ತೆರೆದೇ ನೋಡಿರಲಿಲ್ಲ. ಡಿಸ್ಕಿನಲ್ಲಿ ಈಗ ಇದ್ದದ್ದು ತೊಟ್ಟಿಲು ಮಾತ್ರ.

ಅಕ್ಕ ಬೈಯಲಿಲ್ಲ. ದಿನಚರಿ ಸುರಕ್ಷಿತವಾಗಿತ್ತು, ಅದು ಬೇರೆ ಕಂಪ್ಯೂಟರಿಗೆ ಹೋಗುತ್ತಿತ್ತು. ಆದರೆ ದಿನಚರಿ ಓದಿಸಲು ತಳಕ್ಕೆ ಒಂದು ಹಳೇ ನಕಲು ಬೇಕೇ ಬೇಕು. ಅದು ಇದ್ದದ್ದು ಒಂದೇ ಕಡೆ. ಪ್ರತಿ ಶನಿವಾರ ಒಂದು ನಕಲನ್ನು ಸಣ್ಣ ಡಿಸ್ಕಿಗೆ ಹಾಕಿಕೊಂಡು, ಊಟದ ಡಬ್ಬಿಯ ಚೀಲದಲ್ಲಿಟ್ಟು, ಅವರು ಭದ್ರಾವತಿಯ ಮನೆಗೆ ಒಯ್ಯುತ್ತಿದ್ದರು. ಆಫೀಸಿಗೆ ಬೆಂಕಿ ಬಿದ್ದರೆ ಎನ್ನುವುದು ಅವರ ಲೆಕ್ಕ. ನಾವೆಲ್ಲ ಅದನ್ನು ಗೇಲಿ ಮಾಡುತ್ತಿದ್ದೆವು.

ಹೊರಡುವ ಹೊತ್ತಿಗೆ ಇನ್ನೊಂದು ಫೋನ್ ಬಂತು. ಭದ್ರಾವತಿ ಹಳೇನಗರದ, ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತರಾದ ಒಬ್ಬ ಟರ್ನರ್. ಅವರ ಮಗಳನ್ನು ನೋಡಲು ದಾವಣಗೆರೆಯವರು ನಾಳೆ ಸಮಾವೇಶಕ್ಕೆ ಬರುವವರಿದ್ದರು. ನಾವು ವೆಬ್‌ಸೈಟ್ ಮುಚ್ಚುವ ಮುಂಚೆ ಹುಡುಗನ ಕಡೆಯವರು ಅದನ್ನು ತೆರೆದು, ಹುಡುಗಿಗೆ ಮದುವೆಯಾಗಿದೆ ಎಂದು ಓದಿ, ಮುಚ್ಚಿಟ್ಟಿರಿ ಎಂದು ಇವರಿಗೆ ಬಾಯಿಗೆ ಬಂದಂತೆ ಅಂದಿದ್ದರು. ಆ ಮನುಷ್ಯ ಕೂಗಾಡಲಿಲ್ಲ. ಮೂರು ಕಡೆ ತಪ್ಪಿ ಹೋಗಿ ಇದು ಕೂಡಿ ಬಂದಿತ್ತಮ್ಮ ಎಂದಷ್ಟೇ ಅಂದರು. ಅಲ್ಲಿಯವರೆಗೆ ತಮಾಷೆಯಂತಿದ್ದದ್ದು ಆಗ ನನಗೆ ತಮಾಷೆಯಾಗಿ ಉಳಿಯಲಿಲ್ಲ. ಅಕ್ಕ ಫೋನ್ ತೆಗೆದುಕೊಂಡು, ತಪ್ಪು ನಮ್ಮದು, ಒಂದು ಗಂಟೆಯಲ್ಲಿ ನಿಮ್ಮ ಮನೇಲಿರ್ತೀವಿ ಎಂದರು. ನನ್ನ ಹೆಸರು ಎತ್ತಲಿಲ್ಲ.

ನನ್ನ ಸ್ಕೂಟರಿನಲ್ಲಿ ಹೊರಟೆವು. ಬಿ.ಎಚ್. ರಸ್ತೆಯಲ್ಲಿ ಲಾರಿಗಳ ನಡುವೆ ನಾನು ಓಡಿಸುತ್ತಿದ್ದರೆ, ಹಿಂದೆ ಕೂತ ಅಕ್ಕ ಆಗಾಗ ಏನೋ ನೆನಪಾಗಿ ನಗುತ್ತಿದ್ದರು, ಆ ಅಲುಗಾಟಕ್ಕೆ ಸ್ಕೂಟರು ವಾಲುತ್ತಿತ್ತು. ಊರು ದಾಟಿದ ಮೇಲೆ ನಗು ನಿಂತಿತು. ಹೆಲ್ಮೆಟ್ಟಿನ ಪಕ್ಕ ಬಾಯಿ ತಂದು ಕೇಳಿದರು:

"ನಾನು ಒಂಟಿ ಅಂತ ನಿಮಗೆಲ್ಲ ಅನ್ಸುತ್ತಾ ಮಾರಾಯ್ತಿ?"

ನನಗೆ ಕೇಳಿಸಿತ್ತು. ಗಾಳಿಯ ಸದ್ದಿಗೆ ಕೇಳಿಸದವಳ ಹಾಗೆ ಇದ್ದುಬಿಟ್ಟೆ. ಅವರೂ ಎರಡನೇ ಸಲ ಕೇಳಲಿಲ್ಲ.

ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಎರಡು ಕೋಣೆಯ ಮನೆ. ಒಂಟಿ ಜೀವದ ಮನೆ ಎಂದರೆ ಹೇಗಿರುತ್ತದೆಂದು ನಾನು ಊಹಿಸಿದ್ದೆನೋ ಅದರ ಯಾವ ಲಕ್ಷಣವೂ ಅಲ್ಲಿರಲಿಲ್ಲ. ಜಗಲಿಯಲ್ಲಿ ಪಕ್ಕದ ಮನೆಯ ತಮಿಳು ಅಜ್ಜಿ ಕಾಲು ಚಾಚಿ ಹೂ ಕಟ್ಟುತ್ತಿದ್ದರು. ಒಳಗೆ ಬೀದಿಯ ನಾಲ್ಕು ಹೆಣ್ಣುಮಕ್ಕಳು ಕೇರಂ ಆಡುತ್ತಿದ್ದರು. ಮನೆಯೊಡತಿ ಬಂದದ್ದಕ್ಕೆ ಅವರು ಏಳಲೂ ಇಲ್ಲ, ಅಕ್ಕ ಒಂದು ಕಾಯಿ ಹೊಡೆದೇ ಒಳಗೆ ಹೋದರು. ಡಿಸ್ಕು ಅಕ್ಕಿ ಡಬ್ಬದ ಪಕ್ಕ, ಹಳೇ ಟವೆಲಿನಲ್ಲಿ ಸುತ್ತಿಟ್ಟಿತ್ತು.

ಅಲ್ಲಿಂದ ಸೇತುವೆ ದಾಟಿ ಹಳೇನಗರಕ್ಕೆ. ಬಾಗಿಲು ತೆಗೆದದ್ದು ಆ ಹುಡುಗಿಯೇ. ಅಳುತ್ತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಬೈಲು ಮುಂದೆ ಹಿಡಿದು, ಹುಡುಗ ಹೇಗಿದಾನೆ ಅಂತಾದ್ರೂ ಹೇಳಿ ಅಕ್ಕಾ ಎಂದಳು. ಇಬ್ಬರೂ ಹೊಸ್ತಿಲಲ್ಲೇ ನಗತೊಡಗಿದರು. ಆಮೇಲೆ ಅಕ್ಕ ಒಳಗೆ ಕೂತು ದಾವಣಗೆರೆಗೆ ಫೋನ್ ಮಾಡಿದರು. ಹುಡುಗನ ತಂದೆ ನಂಬಲು ತಯಾರಿರಲಿಲ್ಲ. ಅಕ್ಕ ವಾದ ಮಾಡಲಿಲ್ಲ. ನಿಮ್ಮ ಮಗನಿಗೆ ಮಧ್ಯಾಹ್ನದಿಂದ ಏನಾದರೂ ಮೆಸೇಜ್ ಬಂದಿದೆಯಾ ಕೇಳಿ ಸಾರ್ ಎಂದರು. ಆ ಕಡೆ ಯಾರೋ ಯಾರನ್ನೋ ಕೂಗಿದ ಸದ್ದು. ಮಗನಿಗೂ ಮದುವೆಯಾಗಿತ್ತು. ತಂದೆಯ ಬೈಗುಳಕ್ಕೆ ಹೆದರಿ ಅವನು ಬಾಯಿ ಬಿಟ್ಟಿರಲಿಲ್ಲ.

ಐದು ಗಂಟೆಗೆ ಆಫೀಸು ಸೇರಿದೆವು. ಹಾಳಾದ ಮಷೀನನ್ನು ಅಕ್ಕ ಮುಟ್ಟಲಿಲ್ಲ. ಹಿಂದಿನ ಶನಿವಾರದ ನಕಲನ್ನು ಖಾಲಿ ಮಷೀನಿನಲ್ಲಿ ಎಬ್ಬಿಸಿ, ಅದರ ಮೇಲೆ ವಾರದ ದಿನಚರಿಯನ್ನು ಓದಿಸಲು ಬಿಟ್ಟರು. ಎಲ್ಲಿ ನಿಲ್ಲಿಸಬೇಕೆಂಬ ಆಜ್ಞೆಯನ್ನು ಟೈಪ್ ಮಾಡಿ ಎರಡೂ ಕೈ ಮೇಲೆತ್ತಿದರು. ನಾನು ಗಟ್ಟಿಯಾಗಿ ಓದಿದೆ: ಎರಡು ಗಂಟೆ ಹದಿನಾರು ನಿಮಿಷ. ಪಕ್ಕದಲ್ಲಿ ಯಜಮಾನರೂ ಯಾಕೋ ಕೈ ಎತ್ತಿ ನಿಂತಿದ್ದರು. ಎಂಟರ್ ಬಿತ್ತು.

ಒಂದೊಂದೇ ದಿನ ಮುಂದಕ್ಕೆ ಸರಿಯತೊಡಗಿತು. ಸೋಮವಾರ ಹೆಸರು ಕೊಟ್ಟವರು ಬಂದರು, ಮಂಗಳವಾರ ಫೋಟೋ ಬದಲಿಸಿದವರು ಬಂದರು. ಬುಧವಾರ ನಿಜವಾಗಿ ಮದುವೆಯಾಗಿದ್ದ ಇಬ್ಬರಿಗೆ ಮತ್ತೆ ಮದುವೆಯಾಯಿತು, ಯಜಮಾನರು ಚಪ್ಪಾಳೆ ತಟ್ಟಿದರು. ಏಳು ಗಂಟೆಯ ಹೊತ್ತಿಗೆ ಎಲ್ಲರೂ ವಾಪಸು ಬಂದು, ಮದುವೆಯಾಗದೆ ನಿಂತಿದ್ದರು. ಅಷ್ಟು ಜನ ಅವಿವಾಹಿತರನ್ನು ನೋಡಿ ನಾನು ಯಾವತ್ತೂ ಅಷ್ಟು ಸಂತೋಷಪಟ್ಟಿಲ್ಲ.

ಸರಿಯಾಗಿದೆಯೇ ಎಂದು ನೋಡಲು ಅಕ್ಕ ನಾಲ್ಕಾರು ಹೆಸರು ಹುಡುಕಿದರು. ಹಳೇನಗರದ ಹುಡುಗಿ ಸಿಕ್ಕಳು. ಕೊನೆಗೆ ತಮ್ಮದೇ ಮೊಬೈಲ್ ನಂಬರು ಹಾಕಿದರು. ಆಯುಧಪೂಜೆಯ ಮುಖ ಬಂತು. 'ಸೂಕ್ತ ವರನ ನಿರೀಕ್ಷೆಯಲ್ಲಿ.' ಅವರು ಅದನ್ನು ಪೂರ್ತಿ ಓದಿದರು. ಅಕ್ಕಾ, ಇದೊಂದನ್ನ ಈಗಲೇ ತೆಗೆದುಬಿಡಿ, ಯಾರಿಗೂ ಗೊತ್ತಾಗಲ್ಲ ಎಂದೆ.

"ಎರಡು ಹದಿನಾರಕ್ಕೆ ಇದು ಇತ್ತಲ್ಲ" ಎಂದರು. "ಇದ್ದದ್ದು ಇದ್ದ ಹಾಗೇ ಬರ್ಬೇಕು. ನಂದೊಂದು ಬಿಟ್ಟು ತಂದ್ರೆ ಅದು ರಿಕವರಿ ಅಲ್ಲ ಮಾರಾಯ್ತಿ, ನನ್ನ ಇಷ್ಟ."

ಅದನ್ನು ಹಾಗೇ ಬಿಟ್ಟು ಹೊಸ ಮಷೀನಿಗೆ ವೆಬ್‌ಸೈಟನ್ನು ಜೋಡಿಸಿದರು. ಪಟ್ಟಿ ಪ್ರಿಂಟಿಗೆ ಹೋಯಿತು, ಅದರಲ್ಲಿ ಅವರ ಹೆಸರೂ ಹೋಯಿತು. ಶುಭಾಶಯ ಹೋದವರಿಗೆಲ್ಲ ಇನ್ನೊಂದು ಮೆಸೇಜ್ ಕಳಿಸಬೇಕಿತ್ತು. ಯಜಮಾನರು ತಾಂತ್ರಿಕ ಕಾರಣಗಳಿಂದ ಎಂದು ಶುರುಮಾಡಿ ಉದ್ದಕ್ಕೆ ಹೇಳುತ್ತಿದ್ದರು. ಅಕ್ಕ ತಡೆದು ತಾವೇ ಹೇಳಿ ಬರೆಸಿದರು: ಮಧ್ಯಾಹ್ನದ ಶುಭಾಶಯ ನಮ್ಮ ತಪ್ಪಿನಿಂದ ಬಂದದ್ದು. ನಿಮಗೆ ಇನ್ನೂ ಮದುವೆಯಾಗಿಲ್ಲ. ಕ್ಷಮಿಸಿ.

ಭಾನುವಾರದ ಸಮಾವೇಶಕ್ಕೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಬಂದವರೆಲ್ಲ ನಿಮಗೂ ಬಂತಾ, ನಮಗೂ ಬಂತು ಎಂದು ಗುರುತಿಲ್ಲದವರ ಜೊತೆ ಮಾತಿಗಿಳಿದರು. ಬೇರೆ ಸಲ ಗೋಡೆಗೆ ಒರಗಿ ನಿಲ್ಲುತ್ತಿದ್ದ ಹುಡುಗರು ತಾವಾಗಿ ಹೋಗಿ ಮೊಬೈಲು ತೋರಿಸಿ ನಗಿಸುತ್ತಿದ್ದರು. ದಾವಣಗೆರೆಯವರು ಬಂದರು. ಟರ್ನರ್ ಮಗಳ ಮದುವೆ ಆರು ತಿಂಗಳೊಳಗೆ ಅದೇ ಮಂಟಪದಲ್ಲಿ ನಡೆಯಿತು.

ಸೋಮವಾರ ಅಕ್ಕ ಕೌಂಟರಿನ ಆ ಕಡೆ, ಗಿರಾಕಿಗಳ ಸಾಲಿನಲ್ಲಿ ನಿಂತಿದ್ದರು. ಅವರ ಸರದಿ ಬಂದಾಗ ಹೆಸರು ವಾಪಸು ಪಡೆಯುವ ಅರ್ಜಿ ಕೇಳಿದರು. ನಮ್ಮ ಅರ್ಜಿಯಲ್ಲಿ ಕಾರಣ ಹೇಳಲೇಬೇಕು, ಅದಕ್ಕೆ ಮೂರೇ ಆಯ್ಕೆ: ಮದುವೆ ನಿಶ್ಚಯವಾಗಿದೆ, ಮದುವೆಯಾಗಿದೆ, ತೀರಿಕೊಂಡಿದ್ದಾರೆ. ಇವು ಮೂರೂ ನಂಗಿನ್ನೂ ಆಗಿಲ್ಲ ಎಂದು ಹೇಳಿ, ಕೆಳಗೆ ತಾವೇ ಒಂದು ಚೌಕ ಬರೆದು, ಅದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಒಂದೇ ಪದ ಬರೆದರು. ಸುಖವಾಗಿದ್ದೇನೆ.

ನಾನು ಅದನ್ನು ಯಜಮಾನರ ಬಳಿ ಒಯ್ದೆ. ಅವರು ಅದನ್ನು ಎರಡು ಸಲ ಓದಿದರು. ಹೊರಗೆ ಬಂದು, ತಪ್ಪಾಯ್ತು ಮೇಡಂ, ಕೇಳಬೇಕಿತ್ತು ಎಂದರು. ಅಕ್ಕ, ಮಿತಭಾಷಿ ಅಂತ ಬರೆದಿದ್ದೇ ಹೆಚ್ಚು ಬೇಜಾರು ಸಾರ್ ಎಂದರು. ಕಂಪ್ಯೂಟರಿನಲ್ಲಿ ಆ ಕಾರಣ ಇರಲಿಲ್ಲವಾದ್ದರಿಂದ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಕೂತು ನಾಲ್ಕನೆಯ ಆಯ್ಕೆಯನ್ನು ಸೇರಿಸಿದೆ. ಅಕ್ಕ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದರು.

ಆ ಆಯ್ಕೆಯನ್ನು ಈ ಆರು ವರ್ಷದಲ್ಲಿ ಯಾರೂ ಅಳಿಸಿಹಾಕಲಿಲ್ಲ. ಹೋದ ಮಂಗಳವಾರ ಒಬ್ಬ ಹಿರಿಯರು ಬಂದಿದ್ದರು. ನಿವೃತ್ತ ಮೇಷ್ಟರು, ಹೆಂಡತಿ ತೀರಿಕೊಂಡ ಮೇಲೆ ಮಕ್ಕಳ ಒತ್ತಾಯಕ್ಕೆ ಹೆಸರು ಕೊಟ್ಟು ನಾಲ್ಕು ವರ್ಷವಾಗಿತ್ತು. ಹೆಸರು ತೆಗೆಸಬೇಕು ಎಂದರು. ಕನ್ನಡಕ ತಂದಿರಲಿಲ್ಲ, ಕಾರಣಗಳನ್ನು ಓದಿ ಹೇಳಲು ನನಗೇ ಹೇಳಿದರು. ಓದಿದೆ. ಮೊದಲ ಮೂರಕ್ಕೂ ಅಲ್ಲವೆಂದು ತಲೆಯಾಡಿಸಿದರು. ನಾಲ್ಕನೆಯದನ್ನು ಓದಿದಾಗ, ಇನ್ನೊಂದು ಸಲ ಓದಮ್ಮ ಎಂದರು. ಓದಿದೆ. ಅವರು ಕಿಟಕಿಯಿಂದ ಕೆಳಗಿನ ಬೀದಿಯನ್ನು ಸ್ವಲ್ಪ ಹೊತ್ತು ನೋಡಿ, ಹೌದು, ಅದನ್ನೇ ಹಾಕು ಎಂದರು.